ಕಾರ್ಡು ದುಬೈಯದು, ಕರೆಂಟು ನಮ್ಮದು

ದುಬೈಯಿಂದ ಬರುವವರ ಬ್ಯಾಗಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಜಾಗ ಸಿಗುತ್ತದೆ, ಎಸ್‌ಎಂಪಿಎಸ್‌ಗೆ ಸಿಗುವುದಿಲ್ಲ. ಕಾರ್ಡನ್ನು ಎರಡು ಅಂಗಿಯ ನಡುವೆ ಸುತ್ತಿಟ್ಟರೆ ಮುಗಿಯಿತು. ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿಗೆ ಕರೆಂಟು ಕೊಡುವ, ಎರಡು ಕಿಲೋ ಹತ್ತಿರದ ತಗಡಿನ ಡಬ್ಬ, ಅದಕ್ಕೆ ಜೋತುಬಿದ್ದ ವೈರಿನ ಗೊಂಚಲು. ಅಷ್ಟು ತೂಕಕ್ಕೆ ಖರ್ಜೂರ, ಹಾಲಿನ ಪುಡಿ ತಂದರೆ ಮನೆಯವರಾದರೂ ಖುಷಿಪಡುತ್ತಾರೆ. ಹೀಗಾಗಿ ಬರ್ ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಕೊಂಡ ಕಾರ್ಡುಗಳು ಬಜ್ಪೆಯಲ್ಲಿಳಿದು ಭಟ್ಕಳಕ್ಕೆ ಬರುತ್ತಲೇ ಇರುತ್ತವೆ. ಅವನ್ನು ಸಿಕ್ಕಿಸುವ ಸಿಸ್ಟಮ್ಮಿನೊಳಗೆ ಮಾತ್ರ, ಐದಾರು ವರ್ಷದ ಹಿಂದೆ ಕ್ಯಾಬಿನೆಟ್ ಜೊತೆ ಪುಕ್ಕಟೆಯಾಗಿ ಬಂದ ಡಬ್ಬವೇ ಕುಳಿತಿರುತ್ತದೆ.

ಶಂಸುದ್ದೀನ್ ಸರ್ಕಲ್‌ನಿಂದ ಕೂಗಳತೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಕಾರ್ಡು ಹಿಡಿದುಕೊಂಡು ಬರುವವರಲ್ಲಿ ಎಲ್ಲ ಥರದವರೂ ಇದ್ದಾರೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಷಿನ್ ಲರ್ನಿಂಗ್ ಹಿಡಿದ ಇಂಜಿನಿಯರಿಂಗ್ ಹುಡುಗರು, ಕುಮಟಾ ಕಡೆಯ ಫ್ಲೆಕ್ಸ್ ಡಿಸೈನ್ ಮಾಡುವವರು, ಹೊನ್ನಾವರದಲ್ಲಿ ಮದುವೆ ಮತ್ತು ಯಕ್ಷಗಾನದ ವಿಡಿಯೊ ಮಾಡುವವರು, ಮತ್ತೆ ರಾತ್ರಿಯಿಡೀ ಗೇಮ್ ಆಡಿ ಬೆಳಿಗ್ಗೆ ಕೆಂಪು ಕಣ್ಣಲ್ಲಿ ಬರುವವರು. ಎಲ್ಲರದೂ ಒಂದೇ ಪ್ರಶ್ನೆ: ‘ಅಣ್ಣ, ಎಸ್‌ಎಂಪಿಎಸ್ ಬದಲಿಸಬೇಕಾ?’

ಈ ಪ್ರಶ್ನೆಗೆ ನಮ್ಮ ಕರಾವಳಿಯ ಅಂಗಡಿಗಳಲ್ಲಿ ಎರಡು ಉತ್ತರ ಚಾಲ್ತಿಯಲ್ಲಿವೆ. ಒಂದು, ‘ಬೇಕೇ ಬೇಕು, 750 ವ್ಯಾಟ್ ಹಾಕಿಸಿಬಿಡಿ.’ ಇನ್ನೊಂದು, ‘ನಡೀತದೆ ಮಾರಾಯ, ಏನಾಗೂದಿಲ್ಲ.’ ಎರಡೂ ಉತ್ತರ ಕ್ಯಾಬಿನೆಟ್ಟಿನ ಮುಚ್ಚಳ ತೆಗೆಯುವ ಮೊದಲೇ ಬಂದುಬಿಡುತ್ತವೆ. ನನ್ನ ತಕರಾರು ಇರುವುದೇ ಅಲ್ಲಿ. ಬೇಕಿಲ್ಲದವರು ಹೆದರಿ ಕೊಳ್ಳುತ್ತಿದ್ದಾರೆ, ಬೇಕಾದವರು ಧೈರ್ಯವಾಗಿ ಬಿಟ್ಟಿದ್ದಾರೆ. ಯಾರು ಯಾವ ಗುಂಪಿನವರು ಎಂಬುದು ಡಬ್ಬದ ಮೈಮೇಲೆ ಅಂಟಿಸಿದ ಒಂದು ಚೀಟಿಯಲ್ಲಿ ಬರೆದಿರುತ್ತದೆ.

ಮೊದಲು ಹೆದರುವವರ ವಿಷಯ. ಅವರನ್ನು ಹೆದರಿಸುವುದು ಕಾರ್ಡಿನ ಪೆಟ್ಟಿಗೆಯ ಮೇಲಿನ ಅಂಕಿ. 2023ರಲ್ಲಿ ಬಂದ ಆರ್‌ಟಿಎಕ್ಸ್ 4060 ಕಾರ್ಡಿಗೆ ಎನ್ವಿಡಿಯಾ ಹೇಳುವುದು 550 ವ್ಯಾಟಿನ ಎಸ್‌ಎಂಪಿಎಸ್. ಆದರೆ ಆ ಕಾರ್ಡು ತಾನು ತಿನ್ನುವುದು 115 ವ್ಯಾಟ್ ಮಾತ್ರ. ಉಳಿದದ್ದು ಯಾರ ಪಾಲು? ಕಂಪನಿಗೆ ನಿಮ್ಮ ಮನೆಯ ಸಿಸ್ಟಮ್ಮಿನಲ್ಲಿ ಏನಿದೆ ಎಂದು ಗೊತ್ತಿಲ್ಲ. ಕರೆಂಟು ಕುಡಿಯುವ ಪ್ರೊಸೆಸರ್ ಇರಬಹುದು, ನಾಲ್ಕು ಹಾರ್ಡ್‌ಡಿಸ್ಕ್ ಇರಬಹುದು, ಎಸ್‌ಎಂಪಿಎಸ್ ಹೇಳಿದಷ್ಟು ಕೊಡದೇ ಇರಬಹುದು. ಎಲ್ಲಕ್ಕೂ ಸೇರಿಸಿ ಒಂದು ದೊಡ್ಡ ಅಂಕಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದು ಅವರ ಜಾಣತನ. ಅದನ್ನು ಕಾಯಿದೆಯೆಂದು ತಿಳಿಯಬೇಕಿಲ್ಲ.

ಲೆಕ್ಕ ಕಷ್ಟದ್ದಲ್ಲ. ಈಗ ಸಾಮಾನ್ಯವಾಗಿ ಕಾಣುವ ಐ5 12400ಎಫ್ ಪ್ರೊಸೆಸರ್ ಮೈಮುರಿದು ದುಡಿಯುವಾಗ ಗರಿಷ್ಠ 117 ವ್ಯಾಟ್. ಕಾರ್ಡಿಗೆ 115. ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ, ಫ್ಯಾನು ಎಲ್ಲಕ್ಕೂ ಧಾರಾಳವಾಗಿ 50. ಒಟ್ಟು 282. ಕಾರ್ಡುಗಳು ಕಣ್ಣೆವೆ ಮುಚ್ಚುವುದಕ್ಕಿಂತಲೂ ಕಡಿಮೆ ಹೊತ್ತು ತಮ್ಮ ಮಿತಿಗಿಂತ ಜಾಸ್ತಿ ಎಳೆಯುತ್ತವೆ. 2020ರ ಆರ್‌ಟಿಎಕ್ಸ್ 30 ಸಾಲಿನ ದೊಡ್ಡ ಕಾರ್ಡುಗಳಲ್ಲಿ ಈ ಚಾಳಿ ಎಷ್ಟು ಜೋರಾಯಿತೆಂದರೆ, 2022ರ ಎಟಿಎಕ್ಸ್ 3.0 ಎಂಬ ಹೊಸ ನಿಯಮದಲ್ಲಿ ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ಅಳತೆಯ ದುಪ್ಪಟ್ಟನ್ನು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲು ಹೊತ್ತು ತಡೆಯಬೇಕೆಂದೇ ಬರೆದರು. ಅದಕ್ಕಾಗಿ ನಾನು ಒಟ್ಟು ಲೆಕ್ಕಕ್ಕೆ ಅರ್ಧದಷ್ಟು ಸೇರಿಸುತ್ತೇನೆ. 282ಕ್ಕೆ 141 ಸೇರಿದರೆ 423. ಅಂದರೆ ಒಳ್ಳೆಯ 450 ವ್ಯಾಟಿನ ಎಸ್‌ಎಂಪಿಎಸ್ ಇದ್ದು, ಅದರಲ್ಲಿ ಕಾರ್ಡಿಗೆ ಬೇಕಾದ 8 ಪಿನ್ನಿನ ವೈರು ಇದ್ದರೆ, ಈ ಸಿಸ್ಟಮ್ಮಿನವರಿಗೆ ಹೊಸದು ಬೇಡ. ಇದೇ ಸಿಸ್ಟಮ್ಮಿಗೆ 170 ವ್ಯಾಟಿನ ಆರ್‌ಟಿಎಕ್ಸ್ 3060 ಹಾಕುವುದಾದರೆ ಲೆಕ್ಕ 505ಕ್ಕೆ ಹೋಗುತ್ತದೆ, ಆಗ 550 ವ್ಯಾಟಿನದು ಕೊಳ್ಳಲಿ. 750 ಎರಡರಲ್ಲೂ ದಂಡ.

ಮೇಲಿನ ಲೆಕ್ಕದಲ್ಲಿ ‘ಒಳ್ಳೆಯ’ ಎಂಬ ಮಾತು ಬಂದಿದೆಯಲ್ಲ, ಎಲ್ಲ ಜಗಳವೂ ಅದರದ್ದೇ. ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಮೇಲೂ ಬೆರಳುದ್ದದ ಅಕ್ಷರದಲ್ಲಿ 450 ವ್ಯಾಟ್ ಎಂದೇ ಇರುತ್ತದೆ. ಆ ಅಕ್ಷರವನ್ನು ಬಿಟ್ಟು, ಅದರ ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟಿನ ಸಾಲನ್ನು ಹುಡುಕಿ. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಕರೆಂಟು ಹೋಗುವುದು ಆ ಸಾಲಿನಿಂದ, 3.3 ಮತ್ತು 5 ವೋಲ್ಟಿನ ಸಾಲುಗಳಿಗೆ ಈ ಕಾಲದ ಸಿಸ್ಟಮ್ಮಿನಲ್ಲಿ ಹೆಚ್ಚು ಕೆಲಸ ಇಲ್ಲ. ನನ್ನ ಮೇಜಿನ ಮೇಲೆ ಬಂದ ಪುಕ್ಕಟೆ ಡಬ್ಬಗಳಲ್ಲಿ ಆ ಸಾಲಿನಲ್ಲಿ 16 ಆಂಪಿಯರ್ ಎಂದು ಬರೆದಿರುವುದು ಮಾಮೂಲು. 16ನ್ನು 12ರಿಂದ ಗುಣಿಸಿದರೆ 192 ವ್ಯಾಟ್. ಹೆಸರು 450, ದುಡಿಮೆ 192. ಮರ್ಯಾದಸ್ಥ ಕಂಪನಿಯ 450 ವ್ಯಾಟಿನದರಲ್ಲಿ ಅದೇ ಸಾಲಿನಲ್ಲಿ 36 ಅಥವಾ 37 ಆಂಪಿಯರ್ ಇರುತ್ತದೆ. ಕೆಲವದರಲ್ಲಿ 12ವಿ1, 12ವಿ2 ಎಂದು ಎರಡು ಮನೆ ಮಾಡಿ ಬೇರೆ ಬೇರೆ ಅಂಕಿ ಕೊಟ್ಟಿರುತ್ತಾರೆ. ಅವೆರಡನ್ನು ಕೂಡಿಸಿ ಸಂತೋಷಪಡಬೇಡಿ, ಎರಡೂ ಸೇರಿ ಗರಿಷ್ಠ ಎಷ್ಟು ವ್ಯಾಟ್ ಎಂಬುದು ಅದರ ಕೆಳಗೇ ಬೇರೆ ಇರುತ್ತದೆ. ಆ ಅಂಕಿಯೇ ಇಲ್ಲದ ಚೀಟಿ ಕಂಡರೆ ನಾನು ಆ ಡಬ್ಬವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನು ಕೆಲವು ಕಾರ್ಡುಗಳಿಗೆ ಬೇರೆ ವೈರೇ ಬೇಡ. ಮದರ್‌ಬೋರ್ಡಿನ ಉದ್ದನೆಯ ಸ್ಲಾಟು ತಾನೇ 75 ವ್ಯಾಟಿನವರೆಗೆ ಕೊಡಬಲ್ಲದು. 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650 ಎರಡೂ 75 ವ್ಯಾಟಿನವು. 1650ರಲ್ಲಿ ಕೆಲವು ಕಂಪನಿಗಳು 6 ಪಿನ್ ಕೊಟ್ಟದ್ದೂ ಉಂಟು, ನೋಡಿ ಕೊಳ್ಳಬೇಕು. ಆರ್‌ಟಿಎಕ್ಸ್ 3050 ವಿಷಯದಲ್ಲಂತೂ ಎನ್ವಿಡಿಯಾ ಜನರನ್ನು ಸತಾಯಿಸಿದೆ. 2022ರ 8 ಜಿಬಿಯದು 130 ವ್ಯಾಟ್ ಎಳೆಯುತ್ತದೆ, ಅದಕ್ಕೆ ವೈರು ಬೇಕು. 2024ರ 6 ಜಿಬಿಯದು 70 ವ್ಯಾಟ್, ವೈರು ಬೇಡ. ಹೆಸರು ಎರಡಕ್ಕೂ ಒಂದೇ. ‘3050 ತಾ’ ಎಂದು ಚಿಕ್ಕಪ್ಪನಿಗೆ ವಾಟ್ಸಾಪ್ ಮಾಡಿದರೆ ಯಾವುದು ಬರುತ್ತದೋ ಅವನ ಅದೃಷ್ಟ.

ಈ ಸಣ್ಣ ಕಾರ್ಡುಗಳು ನಮ್ಮಲ್ಲಿ ಮುಖ್ಯವಾಗುವುದಕ್ಕೆ ಕಾರಣ ಬೇರೆ ಇದೆ. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಸಿಸ್ಟಮ್ಮುಗಳು ಎಸ್‌ಪಿ ರೋಡಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಕುಮಟಾ, ಹೊನ್ನಾವರ, ಭಟ್ಕಳಕ್ಕೆ ಬರುತ್ತವೆ. ಅಗ್ಗ, ಗಟ್ಟಿ, ನಾನೂ ಮಾರುತ್ತೇನೆ. ಡೆಲ್ ಆಪ್ಟಿಪ್ಲೆಕ್ಸ್ 7010ರ ದೊಡ್ಡ ಕ್ಯಾಬಿನೆಟ್ಟಿನಲ್ಲಿ 275 ವ್ಯಾಟ್, ಸಪೂರ ಕ್ಯಾಬಿನೆಟ್ಟಿನಲ್ಲಿ 240. ಅಂಕಿ ಚಿಕ್ಕದೆಂದು ಮೂಗು ಮುರಿಯಬೇಡಿ, ಆ 275 ನಿಜವಾದ 275. ಆದರೆ ಕಾರ್ಡಿಗೆ ಕೊಡಲು ಅದರಲ್ಲಿ ಪ್ರತ್ಯೇಕ ವೈರು ಇಲ್ಲ. ನಂತರದ 9020ರಲ್ಲಿ ಬೋರ್ಡಿಗೆ ಹೋಗುವ ಕನೆಕ್ಟರೇ ಬೇರೆ, ಪೇಟೆಯ 24 ಪಿನ್ನಿನ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ. ಇಂಥ ಸಿಸ್ಟಮ್ಮಿನವರಿಗೆ ನಾನು ಕೈಮುಗಿದು ಹೇಳುವುದು, ವೈರು ಬೇಡದ ಕಾರ್ಡಿಗೆ ನಿಲ್ಲಿ.

ಅವರು ನಿಲ್ಲುವುದಿಲ್ಲ. ಸಾಟಾ ವೈರಿನಿಂದ 6 ಪಿನ್ನಿಗೆ, 6ರಿಂದ 8ಕ್ಕೆ ಬದಲಿಸಿಕೊಡುವ ಕನ್ವರ್ಟರ್ ಆನ್‌ಲೈನಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಹಾರ್ಡ್‌ಡಿಸ್ಕಿಗೆಂದು ಮಾಡಿದ ಆ ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್ನು, ಒಂದೊಂದಕ್ಕೆ ಒಂದೂವರೆ ಆಂಪಿಯರ್, ಒಟ್ಟು 54 ವ್ಯಾಟ್. 6 ಪಿನ್ನಿನಿಂದ ಕಾರ್ಡು 75 ಕೇಳಬಹುದು, 8 ಪಿನ್ನಿನಿಂದ 150. ಆಮೇಲೆ ಪ್ಲಾಸ್ಟಿಕ್ ಕರಗಿ ಕಪ್ಪಾದ ಕನ್ವರ್ಟರ್ ತಂದು ನನ್ನ ಮೇಜಿನ ಮೇಲಿಟ್ಟು, ‘ಕಾರ್ಡು ಡುಪ್ಲಿಕೇಟ್ ಇರಬೇಕು’ ಅನ್ನುತ್ತಾರೆ. ಹಾಗೆಯೇ ಬಿಚ್ಚಿ ತೆಗೆಯಬಹುದಾದ ವೈರಿನ ಎಸ್‌ಎಂಪಿಎಸ್ ಇದ್ದರೆ, ಒಂದರ ವೈರನ್ನು ಇನ್ನೊಂದಕ್ಕೆ ಚುಚ್ಚಬಾರದು. ಕಾರ್ಡಿನ ಕಡೆ ಎಲ್ಲ ಒಂದೇ ಥರ ಕಂಡರೂ ಡಬ್ಬದ ಕಡೆಯ ಪಿನ್ನುಗಳ ಕ್ರಮ ಕಂಪನಿಗೊಂದು ರೀತಿ.

ಇಷ್ಟು ಎಲ್ಲ ಊರಿಗೂ ಅನ್ವಯಿಸುವ ಮಾತು. ನಮ್ಮೂರಿನ ಮಾತು ಇನ್ನು ಮೇಲೆ.

ಚೀಟಿಯಲ್ಲಿ ಬರೆದದ್ದು ಡಬ್ಬ ಹೊಸದಿದ್ದಾಗಿನ ಮಾತು. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರುಗಳು ಕಾವಿಗೆ ಒಣಗುತ್ತ ಹೋಗುತ್ತವೆ. ಸುಮಾರಾಗಿ ಹೇಳುವುದಾದರೆ ಪ್ರತಿ 10 ಡಿಗ್ರಿ ಹೆಚ್ಚಿದಂತೆ ಅವುಗಳ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್-ಮೇಯಲ್ಲಿ ಶೀಟಿನ ಮಾಡಿನ ಅಂಗಡಿಯೊಳಗೆ ಕೂತವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದ್ದು ಬೇರೆಯೇ ಸಂಕಟ. ಮುರ್ಡೇಶ್ವರದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆಗಳಿಂದ ಬರುವ ಡಬ್ಬಗಳ ಸ್ಕ್ರೂ ತುಕ್ಕು ಹಿಡಿದು ತಿರುಗುವುದೇ ಇಲ್ಲ. ಒಳಗೆ ಧೂಳು, ಉಪ್ಪು, ತೇವ ಮೂರೂ ಸೇರಿ ಬೋರ್ಡಿನ ಮೇಲೆ ಅಂಟಂಟಾಗಿ ಕೂತಿರುತ್ತವೆ. ಇರುವೆ ಗೂಡು, ಹಲ್ಲಿ ಮೊಟ್ಟೆ ಕಂಡಿದ್ದೇನೆ. 2022ರ ಆಗಸ್ಟ್ 2ರ ಮಳೆ ಭಟ್ಕಳದವರಿಗೆ ನೆನಪಿರಬೇಕು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಸತ್ತರು, ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತು. ಆ ನೀರಿನಲ್ಲಿ ನೆಂದ ಸಿಸ್ಟಮ್ಮುಗಳನ್ನು ಒಣಗಿಸಿ, ಒರೆಸಿ, ಇಂದಿಗೂ ಓಡಿಸುತ್ತಿರುವವರಿದ್ದಾರೆ. ಟೈಪಿಂಗಿಗೆ, ಬಿಲ್ಲಿಗೆ ಓಡಲಿ, ಬೇಡವೆನ್ನುವುದಿಲ್ಲ. ಅದರ ಮೇಲೆ ಇಪ್ಪತ್ತೈದು ಸಾವಿರದ ಕಾರ್ಡು ಕೂರಿಸಲು ಬಂದರೆ ನಾನು ಚೀಟಿ ಓದುವುದಕ್ಕೂ ಹೋಗುವುದಿಲ್ಲ, ಹೊಸ ಎಸ್‌ಎಂಪಿಎಸ್ ತರಿಸಿ ಅನ್ನುತ್ತೇನೆ.

ಹಳೆಯ ಡಬ್ಬ ಸೋತಿದೆಯೋ ಎಂದು ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಇದೆ. ನಮ್ಮಲ್ಲಿ ಅದನ್ನು ಮಾಡಲು ಕಾಯಬೇಕಾಗಿಲ್ಲ, ದಿನಾ ಆಗುತ್ತದೆ. ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಆ ಗಳಿಗೆಯಲ್ಲಿ, ಇನ್ವರ್ಟರಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿ ಇದ್ದೂ ಸಿಸ್ಟಮ್ಮು ರೀಸ್ಟಾರ್ಟ್ ಆಗುತ್ತದೆಯೇ? ಮೊದಲು ಆಗುತ್ತಿರಲಿಲ್ಲ, ಈಗ ಆಗುತ್ತಿದೆಯೇ? ಹಾಗಿದ್ದರೆ ಒಳಗಿನ ದೊಡ್ಡ ಕೆಪಾಸಿಟರ್ ಅಷ್ಟು ಹೊತ್ತು ಹಿಡಿದಿಡಲಾರದೆ ಸೋತಿದೆ ಎಂಬ ಗುಮಾನಿ ಬಲವಾಗುತ್ತದೆ. ಮೀಟರ್ ಇದ್ದವರು ಭಾರ ಬಿದ್ದಾಗ 12 ವೋಲ್ಟಿನ ಹಳದಿ ವೈರಿನ ವೋಲ್ಟೇಜ್ ನೋಡಲಿ, 11.4ಕ್ಕಿಂತ ಕೆಳಗಿಳಿದರೆ ಅದರ ಕಾಲ ಮುಗಿಯಿತು.

ಕರೆಂಟಿನ ಮಾತಿಗೆ ಬಂದರೆ ನಮ್ಮ ಜಿಲ್ಲೆಯದು ವಿಚಿತ್ರ. ಕಾರವಾರ ತಾಲೂಕಿನ ಕೈಗಾದಲ್ಲಿ 880 ಮೆಗಾವ್ಯಾಟ್, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ಶರಾವತಿ ಟೇಲ್‌ರೇಸ್‌ನಲ್ಲಿ 240 ಮೆಗಾವ್ಯಾಟ್ ಸಾಮರ್ಥ್ಯ. ಗೇರುಸೊಪ್ಪೆಯಿಂದ ಹೊರಟ ತಂತಿ ತೋಟದ ಮೇಲೆಯೇ ಹಾದುಹೋಗುತ್ತದೆ, ಅದರ ಕೆಳಗಿನ ಲೈನಿನ ಕೊನೆಯ ಮನೆಯಲ್ಲಿ ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ಬಲ್ಬು ಕೆಂಪಗಾಗುತ್ತದೆ. ಸ್ಲಾಟಿನ ವ್ಯಾಟು ಲೆಕ್ಕ ಹಾಕುವವರು ಗೋಡೆಯ ವೋಲ್ಟೇಜ್ ಲೆಕ್ಕ ಹಾಕುವುದಿಲ್ಲ. ಎಸ್‌ಎಂಪಿಎಸ್ ಹಿಂಭಾಗದಲ್ಲಿ 115, 230 ಎಂದು ಬರೆದ ಪುಟ್ಟ ಕೆಂಪು ಸ್ವಿಚ್ಚು ಕಂಡರೆ ಅದು ಹಳೆಯ ಕಾಲದ್ದೆಂದು ತಿಳಿಯಿರಿ. ಅದಕ್ಕೆ 170-180 ವೋಲ್ಟಿನಲ್ಲಿ ಪೂರಾ ಭಾರ ಹೊರುವ ತಾಕತ್ತು ಇರುವುದಿಲ್ಲ. (ಮಕ್ಕಳಿರುವ ಮನೆಯಲ್ಲಿ ಆ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ. 115ಕ್ಕೆ ಸರಿಸಿ ನಮ್ಮ ಕರೆಂಟು ಕೊಟ್ಟರೆ ಪಟಾಕಿಯೇ.) ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ ಆ ಸ್ವಿಚ್ಚೇ ಇಲ್ಲ. ಬಹಳಷ್ಟು 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ. ಲೈನಿನ ಕೊನೆಯ ಮನೆಯವರು ಹೊಸದು ಕೊಳ್ಳುವುದಕ್ಕೆ ವ್ಯಾಟಿಗಿಂತ ಇದು ಬಲವಾದ ಕಾರಣ.

ಹೊನ್ನಾವರ ಕಡೆಯ ಯಕ್ಷಗಾನದ ವಿಡಿಯೊದವರ ಕತೆ ಇಲ್ಲಿ ಹೇಳಬೇಕು. ಅವರದು ಕಾಲಮಿತಿ ಆಟವಾದರೂ ಮೂರ್ನಾಲ್ಕು ತಾಸಿನ ರೆಕಾರ್ಡಿಂಗು, ಎರಡು ಕ್ಯಾಮೆರಾ. ಗೇಮ್ ಆಡುವ ಹುಡುಗನ ಕಾರ್ಡು ಏರುತ್ತ ಇಳಿಯುತ್ತ ಇರುತ್ತದೆ; ಇವರು ಎಕ್ಸ್‌ಪೋರ್ಟಿಗೆ ಹಾಕಿ ಮಲಗಿದರೆ ಪ್ರೊಸೆಸರೂ ಕಾರ್ಡೂ ಬೆಳಗಿನತನಕ ಒಂದೇ ಸಮ ದುಡಿಯುತ್ತವೆ. ಒಂದು ಗಿರಾಕಿ ಹೊಸ ಕಾರ್ಡು ಹಾಕಿಸಿದ ಮೇಲೆ ನಡುರಾತ್ರಿ ಸಿಸ್ಟಮ್ಮು ಸತ್ತುಹೋಗುತ್ತದೆ ಎಂದು ತಂದರು. ಎಸ್‌ಎಂಪಿಎಸ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಮೇಜಿನ ಕೆಳಗಿನ 600 ವಿಎ ಯುಪಿಎಸ್‌ನಲ್ಲಿ. ಅಂಥದ್ದು ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಮೊದಲಿದ್ದ ಸಣ್ಣ ಕಾರ್ಡಿಗೆ ಸಾಕಾಗುತ್ತಿತ್ತು. ಹೊಸ ಕಾರ್ಡು, ಎರಡು ಮಾನಿಟರ್, ಸ್ಪೀಕರ್ ಎಲ್ಲ ಅದಕ್ಕೇ ಚುಚ್ಚಿ, ರಾತ್ರಿ ಕರೆಂಟು ಹೋದ ಕೂಡಲೇ ಅದು ಕೈಬಿಡುತ್ತಿತ್ತು. ಅವರಿಗೆ ಎಲ್ಲೋ ಒಂದು ಅಂಗಡಿಯಲ್ಲಿ 750 ವ್ಯಾಟಿನ ಎಸ್‌ಎಂಪಿಎಸ್ ಹಾಕಿಸಿ ಎಂದಿದ್ದರು. ಹಾಕಿಸಿದ್ದರೆ ಅದೂ ಅದೇ ಹೊತ್ತಿಗೆ ಸಾಯುತ್ತಿತ್ತು.

ಅರ್ತಿಂಗ್ ಬಗ್ಗೆ ಒಂದೇ ಮಾತು. ಗಲ್ಫಿನಿಂದ ತಂದ ಚೌಕ ಕಡ್ಡಿಯ ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡು ಭಟ್ಕಳದ ಮನೆಮನೆಯಲ್ಲಿದೆ, ಅದರ ತಲೆ ಕತ್ತರಿಸಿ ನಮ್ಮ ಎರಡು ಪಿನ್ನಿನ ಪ್ಲಗ್ ಹಾಕಿದವರೂ ಇದ್ದಾರೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎನ್ನುವವರು ಎಸ್‌ಎಂಪಿಎಸ್ ಬದಲಿಸುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು.

ಹಾಗಾದರೆ ಹೊಸ ಎಸ್‌ಎಂಪಿಎಸ್ ಬೇಕಾದವರು ದೊಡ್ಡ ಕಂಪನಿಯ ಹೆಸರು, ಬಂಗಾರದ ಬಣ್ಣದ ಚೀಟಿ ನೋಡಿ ಕೊಂಡರೆ ಸಾಕೇ? ಅದೂ ಸಾಲದು. 80 ಪ್ಲಸ್ ಎಂಬ ಬ್ರಾಂಜ್, ಗೋಲ್ಡ್ ಚೀಟಿಗಳು ಎಷ್ಟು ಕರೆಂಟು ಪೋಲಾಗುತ್ತದೆ ಎಂಬುದನ್ನು ಹೇಳುತ್ತವೆ, ಡಬ್ಬ ಎಷ್ಟು ಸುರಕ್ಷಿತ ಎಂಬುದನ್ನಲ್ಲ. 2021ರ ಆಗಸ್ಟ್‌ನಲ್ಲಿ ಗಿಗಾಬೈಟ್ ಕಂಪನಿ ತನ್ನ 750 ಮತ್ತು 850 ವ್ಯಾಟಿನ ಎರಡು ಗೋಲ್ಡ್ ಮಾದರಿಗಳನ್ನು ಬದಲಿಸಿಕೊಡುವುದಾಗಿ ಹೇಳಬೇಕಾಯಿತು. ಮಿತಿಮೀರಿದ ಭಾರದ ಪರೀಕ್ಷೆಯಲ್ಲಿ ಅವು ಸಿಡಿದಿದ್ದವು. ಕಾರ್ಡಿಗೆ ಬರಗಾಲವಿದ್ದ ಆ ದಿನಗಳಲ್ಲಿ ಅಮೆರಿಕದಲ್ಲಿ ಅವನ್ನು ಕಾರ್ಡಿನ ಜೊತೆಗೇ ಕಟ್ಟಿ ಮಾರಿದ್ದರು. ಕಾರ್ಡು ಬೇಕಾದವರು ಡಬ್ಬವನ್ನೂ ಕೊಳ್ಳಲೇಬೇಕಿತ್ತು. 2022ರ ಕೊನೆಗೆ 450 ವ್ಯಾಟಿನ ಆರ್‌ಟಿಎಕ್ಸ್ 4090 ಕಾರ್ಡುಗಳ ಕನೆಕ್ಟರ್ ಕರಗಿದಾಗ, ಪೂರ್ತಿ ಒತ್ತಿ ಕೂರಿಸದೆ ಇದ್ದದ್ದು ಮುಖ್ಯ ಕಾರಣವೆಂದು ಎನ್ವಿಡಿಯಾ ಹೇಳಿತು. ನಮ್ಮಲ್ಲಿ ಆ ಕಾರ್ಡು ಕೊಳ್ಳುವವರು ವಿರಳ, ಆದರೆ ಕನೆಕ್ಟರನ್ನು ಅರ್ಧ ಒತ್ತಿ ಬಿಡುವವರು ಧಾರಾಳ.

ನನ್ನ ವ್ಯಾಪಾರದ ಬಂಧುಗಳಿಗೆ ಸಿಟ್ಟು ಬರುವ ಮಾತು ಈಗ. ಹೊಸ ಸಿಸ್ಟಮ್ಮಿನ ಬಿಲ್ಲು ತೆಗೆದು ನೋಡಿ. ಪ್ರೊಸೆಸರಿನ ಪೂರ್ತಿ ಹೆಸರು ಇರುತ್ತದೆ, ರ‍್ಯಾಮಿನ ವೇಗ ಇರುತ್ತದೆ, ಎಸ್‌ಎಸ್‌ಡಿಯ ಕಂಪನಿ ಇರುತ್ತದೆ. ಎಸ್‌ಎಂಪಿಎಸ್ ಇರುವುದು ‘ಕ್ಯಾಬಿನೆಟ್ ವಿತ್ 450 ವ್ಯಾಟ್’ ಎಂಬ ಬಾಲಂಗೋಚಿಯಲ್ಲಿ. ಹೆಸರಿಲ್ಲದ ವಸ್ತುವಿಗೆ ವಾರಂಟಿ ಕೇಳುವುದು ಹೇಗೆ, ಐದು ವರ್ಷದ ನಂತರ ಅದು ಕಾರ್ಡು ಹೊರುತ್ತದೆಯೇ ಎಂದು ಲೆಕ್ಕ ಹಾಕುವುದು ಹೇಗೆ? ಸಾವಿರದೊಳಗಿನ ಡಬ್ಬಕ್ಕೂ ನಾಲ್ಕೈದು ಸಾವಿರದ ಡಬ್ಬಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸವೇ ಕಾಣದಂತೆ ಬರೆಯುವುದರಿಂದ ನಮಗೆ ಲಾಭ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮೊದಲು ಅಗ್ಗದ್ದು ಹಾಕಿ ಸಿಸ್ಟಮ್ಮಿನ ಒಟ್ಟು ದರ ಇಳಿಸುವುದು, ಕಾರ್ಡು ತಂದಾಗ ಹೆದರಿಸಿ ದೊಡ್ಡದು ಮಾರುವುದು. ಒಂದೇ ಗಿರಾಕಿಗೆ ಎರಡು ವ್ಯಾಪಾರ. ಸ್ಪರ್ಧೆಯಲ್ಲಿ ಐನೂರು ರೂಪಾಯಿಗೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಏನು ಮಾಡೋಣ ಎನ್ನುತ್ತಾರೆ. ಹೋಗುತ್ತಾನೆ ನಿಜ, ಯಾಕೆಂದರೆ ಎರಡೂ ಬಿಲ್ಲಿನಲ್ಲಿ ‘450 ವ್ಯಾಟ್’ ಎಂದೇ ಇರುತ್ತದೆ.

ಗಿರಾಕಿಗಳೂ ಕಾರ್ಡಿಗೆ ದುಬೈಗೆ ಹೇಳಿಕಳಿಸುವ ಮೊದಲು ಒಂದು ಕೆಲಸ ಮಾಡಬಹುದು. ಪ್ಲಗ್ ಕಿತ್ತು, ಪಕ್ಕದ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ, ಚೀಟಿಯ ಫೋಟೊ ತೆಗೆಯಿರಿ. ಚೀಟಿ ಒಳಬದಿಗೆ ತಿರುಗಿದ್ದರೆ ಡಬ್ಬವನ್ನು ಕ್ಯಾಬಿನೆಟ್ಟಿಗೆ ಹಿಡಿದಿಟ್ಟ ನಾಲ್ಕು ಸ್ಕ್ರೂ ಕೂಡ. ಜೊತೆಗೆ ಖಾಲಿ ಬಿದ್ದಿರುವ 6 ಅಥವಾ 8 ಪಿನ್ನಿನ ವೈರು ಇದೆಯೇ ಎಂದೂ ನೋಡಿ. ಡಬ್ಬವನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ. ಆ ಫೋಟೊ ಹಿಡಿದುಕೊಂಡು ಯಾವ ಅಂಗಡಿಗೆ ಹೋದರೂ ಮಾತು ಬೇರೆಯಾಗುತ್ತದೆ.

ನನ್ನ ಅಂಗಡಿಯ ಬಿಲ್ಲಿನಲ್ಲಿ ಎಸ್‌ಎಂಪಿಎಸ್‌ಗೆ ಈಗ ಸ್ವಂತ ಸಾಲು ಇದೆ: ಕಂಪನಿ, ಮಾದರಿ, 12 ವೋಲ್ಟಿನಲ್ಲಿ ಎಷ್ಟು ಆಂಪಿಯರ್, ಕಾರ್ಡಿನ ವೈರು ಎಷ್ಟು. ದರ ಬೇರೆ, ಕ್ಯಾಬಿನೆಟ್ಟಿನ ದರ ಬೇರೆ. ಆ ಸಾಲು ನೋಡಿ ‘ಇಷ್ಟ್ಯಾಕೆ?’ ಎಂದು ಕೇಳಿ ಎದ್ದುಹೋದವರಿದ್ದಾರೆ. ಕೂತು ವಿವರ ಕೇಳಿದವರೂ ಇದ್ದಾರೆ. ಭಟ್ಕಳ, ಹೊನ್ನಾವರ, ಕುಮಟಾದ ಬೇರೆ ಅಂಗಡಿಗಳಲ್ಲೂ ಇಂಥ ಸಾಲು ಬರೆಸಿಕೊಂಡೇ ದುಡ್ಡು ಕೊಡಿ. ಬರೆಯಲಾಗದು ಎಂದರೆ ಡಬ್ಬದ ಚೀಟಿಯನ್ನು ಅಲ್ಲೇ ಓದಿ, ಆಮೇಲೆ ದರ ಮಾತಾಡಿ.